ಬಾಂದುಕಲ್ಲು

ಅಳೆದು ಸುರಿದು ಮೂರು ವರ್ಷ ಕಳೆದೆ.
ಊರವರ ನೆಲವನ್ನೆಲ್ಲ ಅಳೆದುಕೊಟ್ಟ ನನಗೆ
ಈ ಒಂದು ಹೆಜ್ಜೆಯ ಉದ್ದ ಮಾತ್ರ ಸಿಗಲಿಲ್ಲ.

ಸೆಕೊಂಡಿಯ ಭೂಮಾಪನ ಕಚೇರಿಯಲ್ಲಿ ಹದಿನೇಳು ವರ್ಷ.
ತಿಂಗಳಿಗೆ ಸರಿಯಾಗಿ ಸಂಬಳ, ಡಿಸೆಂಬರಿಗೆ ಒಂದು ಮೂಟೆ ಅಕ್ಕಿ,
ಗುಡ್ಡದ ಮೇಲೆ ಕ್ವಾರ್ಟರ್ಸು, ಕಿಟಕಿಯಲ್ಲಿ ಸಮುದ್ರ,
ಅರವತ್ತರ ಆಚೆಗೆ ಪಿಂಚಣಿ.
ರಾಜೀನಾಮೆ ಓದಿ ಡೊಂಕೋರ್ ಸಾಹೇಬರು
ಕನ್ನಡಕ ತೆಗೆದು ಒರೆಸಿದರು.
"ಎಬೊ, ಈಸ್ಟರಿನ ಹೊತ್ತಿಗೆ ವಾಪಸು ಬರುತ್ತೀಯ.
ಕುರ್ಚಿ ಮಾತ್ರ ಇರುವುದಿಲ್ಲ."
ಆ ಕುರ್ಚಿಯ ಒಂದು ಕಾಲು ಮೊದಲಿನಿಂದಲೂ ಗಿಡ್ಡ,
ಕೆಳಗೆ ಮಡಚಿಟ್ಟ ಯಾರದೋ ಹಳೇ ನಕ್ಷೆ.

ಅಬಾ ಏನೂ ಅನ್ನಲಿಲ್ಲ.
ಮಕ್ಕಳ ಶಾಲೆಯ ರಸೀದಿಗಳನ್ನು ಮೇಜಿನ ಮೇಲೆ ಹರಡಿ
ಇಸ್ಪೀಟಿನೆಲೆಯಂತೆ ಒಂದೊಂದಾಗಿ ಜೋಡಿಸಿದಳು.
ಆಮೇಲೆ, "ಚಪ್ಪಲಿ ಹೊಲಿಸಿಕೋ,
ಇನ್ನು ಜೀಪಿಲ್ಲ" ಎಂದಳು.

ದರ್ಜಿಯ ಅಂಗಡಿಯ ಮೇಲೊಂದು ಕೋಣೆ.
ಕೆಳಗೆ ಹೊಲಿಗೆ ಯಂತ್ರ ಓಡಿದಾಗೆಲ್ಲ ಮೇಜು ನಡುಗಿ
ಪೆನ್ಸಿಲ್ಲು ಉರುಳಿ ಬಾಗಿಲ ಕಡೆಗೇ ಹೋಗುತ್ತದೆ.
ಬೋರ್ಡು ಬರೆಯುವವನು ಅಕ್ಷರಕ್ಕಿಷ್ಟು ಎಂದ.
ಪದವಿ, ಪರವಾನಗಿ, ಹದಿನೇಳು ವರ್ಷದ ಅನುಭವ,
ಎಲ್ಲ ಎಣಿಸಿ ನೋಡಿ, ಹೆಸರೊಂದು ಸಾಕೆಂದೆ,
ಕೆಳಗೆ 'ಅಳತೆ'.
ಮಂಗಳವಾರ ಹುಟ್ಟಿದ್ದಕ್ಕೆ ಸಿಕ್ಕ ಗೇಣುದ್ದದ ಹೆಸರು
ನಲವತ್ತೆರಡು ವರ್ಷಕ್ಕೆ ಉಪಯೋಗಕ್ಕೆ ಬಂತು.

ಮೊದಲ ವಾರ ಬಂದವರು:
ಹೊಲಿಯಲು ಕೊಟ್ಟ ಅಂಗಿ ಕೇಳಿಕೊಂಡು ಇಬ್ಬರು,
ಲಾಟರಿ ಮಾರುವವನು,
ಒಂದು ಮೇಕೆ.
ಹರ್ಮತಾನ್ ಗಾಳಿ ಎಲ್ಲಿಯದೋ ಮರಳುಗಾಡಿನ ದೂಳು ತಂದು
ಥಿಯೊಡೊಲೈಟಿನ ಪೆಟ್ಟಿಗೆಯ ಮೇಲಿಟ್ಟಿತು.
ಒರೆಸಿದೆ. ಮತ್ತೆ ಇಟ್ಟಿತು.
ಇಬ್ಬರಿಗೂ ಕೈತುಂಬ ಕೆಲಸ.
ತಿಂಗಳ ಕೊನೆಯ ಶುಕ್ರವಾರ
ಗುರುತಿಲ್ಲದವರ ಹಾಗೆ ದಾಟಿ ಹೋಯಿತು.

ಆರನೇ ವಾರ ಮೆಟ್ಟಿಲು ಹತ್ತಿದವಳು ಅರಬಾ ತೆಕಿಯಾ,
ದಂಡೆಯಲ್ಲಿ ಮೀನಿಗೆ ಹೊಗೆ ಕೊಡುವವಳು.
ಸೊಂಟದ ಗಂಟು ಬಿಚ್ಚಿ ಕಾಗದ ತೆಗೆದಳು.
"ಪಕ್ಕದವನು ಗೋಡೆ ಎಬ್ಬಿಸಿದ್ದಾನೆ.
ನನ್ನ ಒಲೆ ಇರುವುದು ಅವನ ಜಾಗದಲ್ಲಂತೆ.
ಕಾಗದವೂ ಹಾಗೇ ಹೇಳುತ್ತದಂತೆ.
ಅಜ್ಜಿ ಬೇರೆ ಹೇಳಿದ್ದಳು."

ಬಿಡಿಸಿದೆ. ಇಲಾಖೆಯ ದುಂಡು ಮುದ್ರೆ.
ಸಹಿ ಸಾಹೇಬರದು.
ಗೆರೆ ನನ್ನದು.
ಏಳಕ್ಕೆ ಹಾಗೆ ಬಾಲ ಎಳೆಯುವವನು
ಆ ಕಚೇರಿಯಲ್ಲಿ ನಾನೊಬ್ಬನೇ.

ಮರುದಿನ ಬೆಳಿಗ್ಗೆ ಮುಕ್ಕಾಲಿ ಹೊತ್ತು ನಡೆದೆ.
ಒಂದು ಸಲ ಅಳೆದೆ, ಎರಡು ಸಲ ಅಳೆದೆ,
ಮೂರನೆಯ ಸಲ ಹುಲ್ಲಿನ ಬೇರು ಕಿತ್ತು ಅಗೆದೆ.
ಕಾಗದ ಹೇಳುವಲ್ಲಿ ಇರಲಿಲ್ಲ ಬಾಂದುಕಲ್ಲು.
ಎರಡು ಮೊಳ ಆಚೆಗೆ, ಸೀಗಡಿ ಸಿಪ್ಪೆಯ ಕೆಳಗೆ,
ಕಿವಿ ಮುಚ್ಚಿಕೊಂಡು ಕೂತಿತ್ತು.
ಎರಡು ಮೊಳ. ಅವಳ ಒಲೆಯಷ್ಟೇ ಅಗಲ.

ಆ ದಿನ ಏನಾಗಿತ್ತು? ಸಂಜೆಯಾಗಿತ್ತು.
ಡ್ರೈವರು ಹಾರ್ನು ಒತ್ತುತ್ತಿದ್ದ.
ಹುಲ್ಲಿನಲ್ಲಿ ಕಲ್ಲು ಸಿಗಲಿಲ್ಲ,
ಇರಬೇಕಾದ ಜಾಗ ಊಹಿಸಿದೆ.
ಮುದ್ರೆ ಬಿತ್ತು. ಊಹೆ ನೆಲವಾಯಿತು.
ಹಂಗು ಹರಿಯಿತೆಂದು ಹಗುರಾಗಿ ಹೊರಟು ಬಂದವನಿಗೆ
ಆ ಮುದ್ರೆ ತಲೆಯ ಮೇಲಿನ ಸೂರೂ ಆಗಿತ್ತೆಂದು
ಮೀನಿನ ಹೊಗೆಯಲ್ಲಿ ಕೆಮ್ಮುತ್ತ ತಿಳಿಯಿತು.

"ಯಾರ ತಪ್ಪು?" ಕೇಳಿದಳು.
'ಇಲಾಖೆಯದು' ನಾಲಿಗೆಯ ತುದಿಗೆ ಬಂತು. ಅಭ್ಯಾಸ.
"ನನ್ನದು" ಎಂದೆ.

ಮೀನು ಮಗುಚುವ ಕೈ ನಿಂತಿತು.
"ಹಾಗಾದರೆ ಫೀಸು?"
"ಬೇಡ."
"ಬೇಡ ಅನ್ನುವವನು ಅಂಗಡಿ ಯಾಕೆ ತೆರೆದೆ?
ಅರ್ಧ ಹಿಡಿ.
ಇನ್ನರ್ಧ, ನೀನೇ ಕೆಡಿಸಿದ್ದಕ್ಕೆ."

ಆ ರಾತ್ರಿ ಹೊಸ ನಕ್ಷೆ ಬರೆದೆ.
ಯಂತ್ರ ಮಲಗಿತ್ತು, ಮೇಜು ಅಲುಗಲಿಲ್ಲ,
ಸಹಿ ಹಾಕುವಾಗ ಅಲುಗಿದ್ದು ಕೈ.
ಹದಿನೇಳು ವರ್ಷದಲ್ಲಿ ನನ್ನ ಗೆರೆಯ ಕೆಳಗೆ
ನನ್ನ ಹೆಸರು ಮೊದಲ ಸಲ.

ಬೆಳಿಗ್ಗೆ ಬೀದಿಯಲ್ಲಿ ಗೋಡೆಯವನ ಕೂಗು.
ಬೋರ್ಡು ನೋಡಿ ಅಕ್ಷರ ಅಕ್ಷರ ಬಿಡಿಸಿ
ನನ್ನ ಹೆಸರು ಹಿಡಿದು ಬೈಯುತ್ತಿದ್ದಾನೆ.
ಮೆಟ್ಟಿಲ ಮೇಲೆ ಹೆಜ್ಜೆ.

ಎದುರಿಗೆ ಇನ್ನೊಂದು ಕುರ್ಚಿ ಎಳೆದಿಟ್ಟೆ.